ಕರೆಂಟ್ ಹೋದ ಮೇಲಿನ ಐದು ನಿಮಿಷ

ಯುಪಿಎಸ್ ಕೂಗತೊಡಗಿದಾಗ ನಮ್ಮ ಕಚೇರಿಗಳಲ್ಲಿ ಆಗುವುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಸಹಕಾರ ಸಂಘದ ಕೌಂಟರಿನಲ್ಲಿ ನಿಂತವರು, "ಮೇಡಂ, ಇದೊಂದು ಎಂಟ್ರಿ ಹಾಕಿಕೊಟ್ಬಿಡಿ, ಬಸ್ಸಿಗೆ ಹೊತ್ತಾಯ್ತು" ಅನ್ನುತ್ತಾರೆ. ಮೇಡಂ ಹಾಕಿಕೊಡುತ್ತಾರೆ. ಅವರ ಹಿಂದೆ ಇನ್ನೊಬ್ಬರು. ಸ್ವಲ್ಪ ಹೊತ್ತಿಗೆ ಕೂಗು ಅಭ್ಯಾಸವಾಗಿ ಯಾರ ಕಿವಿಗೂ ಬೀಳುವುದಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ ಪರದೆಗಳೆಲ್ಲ ಒಮ್ಮೆಗೇ ಆರಿಹೋಗುತ್ತವೆ. ಸಂಜೆ ಕರೆಂಟ್ ಬಂದಾಗ ಸರ್ವರ್ ಏಳುತ್ತದೆ, ಡೇಟಾಬೇಸ್ ಏಳುವುದಿಲ್ಲ.

ತಪ್ಪು ಮೇಡಂ ಅವರದಲ್ಲ. ಸರ್ವರಿಗೆ ಯುಪಿಎಸ್ ಕೊಡುವುದು ಯಾತಕ್ಕೆ ಎಂದು ಅದನ್ನು ತಂದು ಕೂರಿಸಿದವರು ಅವರಿಗೆ ಹೇಳಿಯೇ ಇಲ್ಲ. ಆ ಬ್ಯಾಟರಿಯಲ್ಲಿರುವ ನಿಮಿಷಗಳು ಸರ್ವರ್ ಅನ್ನು ಕ್ರಮವಾಗಿ ಮುಚ್ಚುವುದಕ್ಕೆಂದು ಇಟ್ಟ ನಿಮಿಷಗಳು. ಜನರೇಟರ್ ಇದ್ದರೆ, ಅದು ಶುರುವಾಗಿ ಲೋಡ್ ಹೊರುವ ತನಕ ಕಾಯುವುದಕ್ಕೆ. ಈ ಒಂದು ಮಾತು ಕಚೇರಿಯ ಎಲ್ಲರಿಗೂ ಅರ್ಥವಾದರೆ ಮುಂದಿನ ಖರೀದಿ, ಜೋಡಣೆ, ಪರೀಕ್ಷೆ ಎಲ್ಲಕ್ಕೂ ದಾರಿ ಸಿಗುತ್ತದೆ.

ಒಂದೆರಡು ಸರ್ವರ್ ಇಟ್ಟುಕೊಂಡಿರುವ ಸಂಘ, ಕಾಲೇಜು, ನರ್ಸಿಂಗ್ ಹೋಂ, ಸಣ್ಣ ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಎಡವಿದ ದೊಡ್ಡ ಡೇಟಾ ಸೆಂಟರ್‌ಗಳಿಂದಲೂ ನಾವು ಕಲಿಯುವುದಿದೆ.

ಡಿಸ್ಕಿಗೆ ನಿಜಕ್ಕೂ ಇಳಿಯಿತೇ?

ನಮ್ಮ ಕರೆಂಟಿನ ಒಂದು ಆವರ್ತನೆ ಅಂದರೆ 20 ಮಿಲಿಸೆಕೆಂಡ್. ಸರ್ವರಿನೊಳಗಿನ ಪವರ್ ಸಪ್ಲೈ ಪೂರ್ತಿ ಲೋಡಿನಲ್ಲಿ ತಾನಾಗಿ ತಡೆದುಕೊಳ್ಳುವುದು ಹೆಚ್ಚೂಕಡಿಮೆ ಅಷ್ಟೇ ಹೊತ್ತು. ದೀಪ ಒಮ್ಮೆ ಮಿಣುಕಿತು ಎಂದು ನಮಗೆ ಕಂಡಾಗ ಸರ್ವರಿಗೆ ಸಾಯುವಷ್ಟು ಸಮಯ ಆಗಿಹೋಗಿರುತ್ತದೆ.

ಆ ಕ್ಷಣದಲ್ಲಿ ಕಳೆದುಹೋಗುವುದೇನು? ಡೇಟಾಬೇಸ್‌ಗಳು ಸಂಘದ ಲೆಕ್ಕದ ಪದ್ಧತಿಯಲ್ಲೇ ನಡೆಯುತ್ತವೆ: ಮೊದಲು ಕಿರ್ದಿ, ಆಮೇಲೆ ಖಾತೆ. ಎಂಟ್ರಿ ಹಾಕಿದ ಕೂಡಲೇ ಅದು ಲಾಗ್ ಫೈಲಿಗೆ ಹೋಗುತ್ತದೆ, ಇದು ಕಿರ್ದಿ. ನಿಜವಾದ ಟೇಬಲ್, ಅಂದರೆ ಖಾತೆ, ನಿಧಾನವಾಗಿ ನಂತರ ತಿದ್ದಲ್ಪಡುತ್ತದೆ. ಕರೆಂಟ್ ನಡುವೆ ಕೈಕೊಟ್ಟರೂ ಡೇಟಾಬೇಸ್ ಮತ್ತೆ ಏಳುವಾಗ ಕಿರ್ದಿ ನೋಡಿಕೊಂಡು ಖಾತೆಯನ್ನು ಸರಿಮಾಡಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ, ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಎಲ್ಲವೂ ಹೀಗೇ. ಮೈಎಸ್‌ಕ್ಯೂಎಲ್‌ನ ಹಳೆಯ ಮೈಐಸ್ಯಾಮ್ ಟೇಬಲ್‌ಗಳಲ್ಲಿ ಮಾತ್ರ ಇಂಥ ಕಿರ್ದಿಯೇ ಇಲ್ಲ. ಹಳೆಯ ತಂತ್ರಾಂಶಗಳಲ್ಲಿ ಅವು ಇನ್ನೂ ಉಳಿದಿದ್ದರೆ ಮೊದಲು ಇನ್ನೋಡಿಬಿಗೆ ಬದಲಾಯಿಸಿ.

ಇಷ್ಟೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ. "ಕಿರ್ದಿ ಬರೆದಾಯ್ತು" ಎಂದು ಡಿಸ್ಕ್ ಹೇಳಿದರೆ ಅದು ನಿಜವಾಗಿರಬೇಕು. ಇಲ್ಲೇ ಮೋಸ ಆಗುವುದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಸ್‌ಎಸ್‌ಡಿ, ಬಂದ ಡೇಟಾವನ್ನು ಮೊದಲು ತನ್ನ ಕ್ಯಾಶ್ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಕೆಲವು ಡಿಸ್ಕ್‌ಗಳು ಅಷ್ಟಕ್ಕೇ "ಬರೆದಾಯ್ತು" ಎಂದು ಉತ್ತರ ಕೊಟ್ಟುಬಿಡುತ್ತವೆ. ಸರ್ವರಿಗೆಂದೇ ಮಾಡಿದ ಎಸ್‌ಎಸ್‌ಡಿ ಬಿಚ್ಚಿ ನೋಡಿದರೆ ಹಲಗೆಯ ಮೇಲೆ ಪುಟ್ಟ ಕೆಪಾಸಿಟರ್‌ಗಳು ಸಾಲಾಗಿ ಕೂತಿರುತ್ತವೆ. ಕರೆಂಟ್ ಹೋದರೂ ಕ್ಯಾಶ್‌ನಲ್ಲಿರುವುದನ್ನು ಬರೆದು ಮುಗಿಸುವಷ್ಟು ಶಕ್ತಿ ಅವುಗಳಲ್ಲಿರುತ್ತದೆ. ಕೊಳ್ಳುವ ಮೊದಲು ಕಂಪನಿಯ ವಿವರಪಟ್ಟಿಯಲ್ಲಿ 'ಪವರ್ ಲಾಸ್ ಪ್ರೊಟೆಕ್ಷನ್' ಎಂಬ ಸಾಲು ಇದೆಯೇ ಎಂದು ಹುಡುಕಿ. ಡೇಟಾಬೇಸ್ ಇರುವ ಸರ್ವರಿಗೆ ಆ ಸಾಲು ಇಲ್ಲದ ಡಿಸ್ಕ್ ಬೇಡ.

ಡಿಸ್ಕ್‌ಗಳನ್ನು ನಿಭಾಯಿಸುವ ರೇಡ್ ಕಾರ್ಡ್ ಇರುವ ಸರ್ವರ್‌ಗಳಲ್ಲಿ ಅದೇ ಕೆಲಸಕ್ಕೆ ಕಾರ್ಡಿನ ಮೇಲೆ ಒಂದು ಸಣ್ಣ ಬ್ಯಾಟರಿಯೋ ಕೆಪಾಸಿಟರೋ ಇರುತ್ತದೆ. ಆ ಬ್ಯಾಟರಿ ಕೆಲವೇ ವರ್ಷ ಬಾಳುವಂಥದ್ದು. ಅದು ಸತ್ತಾಗ ಕಾರ್ಡ್ ತಾನಾಗಿ ನಿಧಾನದ, ಆದರೆ ಕ್ಷೇಮದ ದಾರಿಗೆ ಹೊರಳಿಕೊಳ್ಳುತ್ತದೆ. "ಸರ್ವರ್ ಸ್ಲೋ ಆಗಿದೆ" ಎಂಬ ದೂರು ಬರುತ್ತದೆ, ರಿಪೇರಿಗೆ ಬಂದವರು ಕಾರಣ ಹುಡುಕದೆ 'ಯಾವಾಗಲೂ ರೈಟ್ ಬ್ಯಾಕ್' (ಕ್ಯಾಶ್‌ಗೆ ಬಂದೊಡನೆ "ಬರೆದಾಯ್ತು" ಅನ್ನುವ ವಿಧಾನ) ಎಂದು ಒತ್ತಾಯದಿಂದ ಹಾಕಿ ಹೋಗುತ್ತಾರೆ. ವೇಗ ಮರಳುತ್ತದೆ, ರಕ್ಷಣೆ ಹೋಗಿರುತ್ತದೆ. ವಾರ್ಷಿಕ ನಿರ್ವಹಣೆಗೆ ಬರುವವರಿಗೆ ರೇಡ್ ಕಾರ್ಡಿನ ಬ್ಯಾಟರಿ ಸ್ಥಿತಿ ತೋರಿಸಿ ಎಂದೇ ಕೇಳಿ.

ಡೇಟಾಬೇಸಿನೊಳಗಿನ ಸೆಟ್ಟಿಂಗ್‌ಗಳ ಕಥೆಯೂ ಇದೇ. ಮೈಎಸ್‌ಕ್ಯೂಎಲ್‌ನಲ್ಲಿ 'ಇನ್ನೋಡಿಬಿ ಫ್ಲಶ್ ಲಾಗ್ ಅಟ್ ಟಿಆರ್‌ಎಕ್ಸ್ ಕಮಿಟ್' ಎಂಬುದರ ಬೆಲೆ 1 ಇರಬೇಕು. ವೇಗಕ್ಕಾಗಿ ಅದನ್ನು 2 ಮಾಡಿದ್ದರೆ ಕರೆಂಟ್ ಹೋದಾಗ ಕೊನೆಯ ಸುಮಾರು ಒಂದು ಸೆಕೆಂಡಿನ ಎಂಟ್ರಿಗಳು ಹೋಗಬಹುದು. ಹಣದ ವ್ಯವಹಾರದಲ್ಲಿ ಆ ಒಂದು ಸೆಕೆಂಡ್ ಯಾರದೋ ಠೇವಣಿ. ಪೋಸ್ಟ್‌ಗ್ರೆಸ್‌ನಲ್ಲಿ 'ಸಿಂಕ್ರೊನಸ್ ಕಮಿಟ್' ಆಫ್ ಮಾಡಿದರೆ ಕೊನೆಯ ಕೆಲವು ಎಂಟ್ರಿ ಹೋಗಬಹುದಾದರೂ ಡೇಟಾಬೇಸ್ ಕೆಡುವುದಿಲ್ಲ. 'ಎಫ್‌ಸಿಂಕ್' ಆಫ್ ಮಾಡಿದರೆ ಇಡೀ ಡೇಟಾಬೇಸೇ ಕೆಡಬಹುದು, ಅದನ್ನು ಮುಟ್ಟಲೇಬೇಡಿ. 'ಫುಲ್ ಪೇಜ್ ರೈಟ್ಸ್' ಕೂಡ ಆನ್ ಇರಲಿ. ಪೋಸ್ಟ್‌ಗ್ರೆಸ್ಸಿನ ಒಂದು ಪುಟ 8 ಕಿಲೋಬೈಟ್, ಇನ್ನೋಡಿಬಿಯದು 16. ಡಿಸ್ಕ್ ಒಮ್ಮೆಗೆ ಬರೆಯುವ ತುಂಡು ಸಾಮಾನ್ಯವಾಗಿ 4 ಕಿಲೋಬೈಟ್. ಹಾಗಾಗಿ ಅರ್ಧ ಹೊಸದು, ಅರ್ಧ ಹಳೆಯದಾದ ಪುಟ ಉಳಿದುಬಿಡುವ ಅಪಾಯ ನಿಜವಾದದ್ದು. ಅದನ್ನು ತಡೆಯುವುದಕ್ಕೇ ಈ ಏರ್ಪಾಡು. ಇನ್ನೋಡಿಬಿಯಲ್ಲಿ ಅದೇ ಕೆಲಸವನ್ನು ಡಬಲ್ ರೈಟ್ ಮಾಡುತ್ತದೆ.

ದೊಡ್ಡವರಿಗೂ ಈ ಕಷ್ಟ ತಪ್ಪಿಲ್ಲ. 2015ರ ಆಗಸ್ಟ್ 13ರಂದು ಬೆಲ್ಜಿಯಂನಲ್ಲಿ ಗೂಗಲ್ ಡೇಟಾ ಸೆಂಟರಿಗೆ ಕರೆಂಟ್ ಕೊಡುವ ಸ್ಥಳೀಯ ಗ್ರಿಡ್ಡಿಗೆ ಒಂದರ ಹಿಂದೊಂದು ನಾಲ್ಕು ಸಿಡಿಲು ಬಡಿಯಿತು. ಬದಲಿ ವ್ಯವಸ್ಥೆ ಬೇಗನೆ ಕೈಗೆ ಬಂತು, ಶೇಖರಣಾ ಯಂತ್ರಗಳಿಗೆ ಬ್ಯಾಟರಿಯೂ ಇತ್ತು. ಆದರೂ ಮತ್ತೆ ಮತ್ತೆ ಬ್ಯಾಟರಿ ಖಾಲಿಯಾಗುವುದನ್ನು ತಾಳಲಾರದ ಕೆಲವು ಯಂತ್ರಗಳಲ್ಲಿ ಆಗತಾನೆ ಬರೆದಿದ್ದ ಡೇಟಾ ಉಳಿಯಲಿಲ್ಲ. ಶಾಶ್ವತವಾಗಿ ಕಳೆದದ್ದು ಅಲ್ಲಿನ ಡಿಸ್ಕ್ ಜಾಗದ ಶೇಕಡಾ 0.000001ಕ್ಕಿಂತ ಕಡಿಮೆ. ಅಂಥ ಬಂದೋಬಸ್ತಿನಲ್ಲೂ ಅದು ಸೊನ್ನೆ ಆಗಲಿಲ್ಲ ಎಂಬುದನ್ನು ಗಮನಿಸಿ. ಕ್ಲೌಡ್‌ಗೆ ಹಾಕಿಬಿಟ್ಟರೆ ಕರೆಂಟಿನ ಚಿಂತೆ ಮುಗಿಯಿತು ಎನ್ನುವವರಿಗೂ ಇದು ಉತ್ತರ. ಕ್ಲೌಡ್‌ನಲ್ಲಿದ್ದರೂ ಇನ್ನೊಂದು ಊರಿನ ವಲಯದಲ್ಲಿ ಒಂದು ಪ್ರತಿ ಬೇಕು.

ಯುಪಿಎಸ್ ಕೊಳ್ಳುವ ಮುನ್ನ

ಮನೆಯ ಇನ್ವರ್ಟರ್ ಅನ್ನು ಸರ್ವರಿಗೆ ಹಾಕಬೇಡಿ. ದೀಪ, ಫ್ಯಾನಿಗೆ ಸಾಕಾಗುವ ಅದರ ಬದಲಾವಣೆಯ ವೇಗ ಸರ್ವರಿಗೆ ಸಾಲದು. ಆನ್‌ಲೈನ್ ಯುಪಿಎಸ್‌ನಲ್ಲಿ ಸರ್ವರ್ ಸದಾ ಇನ್ವರ್ಟರಿನ ಕರೆಂಟಿನಿಂದಲೇ ನಡೆಯುತ್ತಿರುತ್ತದೆ, ಹೊರಗಿನ ಕರೆಂಟ್ ಹೋದದ್ದು ಸರ್ವರಿಗೆ ತಿಳಿಯುವುದೇ ಇಲ್ಲ. ಹಳ್ಳಿಯ ಫೀಡರ್‌ಗಳಲ್ಲಿ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜ್ ಕುಸಿಯುವುದು ಗೊತ್ತಿರುವ ಸಂಗತಿ. ಕಡಿಮೆ ವೋಲ್ಟೇಜಿನಲ್ಲೂ ಬ್ಯಾಟರಿಗೆ ಕೈಹಾಕದೆ ನಡೆಯುವ ಯುಪಿಎಸ್ ನೋಡಿ ತನ್ನಿ. ಇಲ್ಲದಿದ್ದರೆ ದಿನವಿಡೀ ಸ್ವಲ್ಪ ಸ್ವಲ್ಪವೇ ಖಾಲಿಯಾಗುತ್ತಿದ್ದ ಬ್ಯಾಟರಿ ನಿಜವಾಗಿ ಕರೆಂಟ್ ಹೋದಾಗ ನಿಲ್ಲುವುದಿಲ್ಲ.

ಕೆವಿಎ ಎಂಬ ಅಂಕಿ ನೋಡಿ ಮೋಸಹೋಗಬೇಡಿ. ಸರ್ವರ್‌ಗಳಿಗೆ ಬೇಕಾದದ್ದು ವಾಟ್ ಲೆಕ್ಕ. ಎರಡು ಸರ್ವರ್ ತಲಾ 250 ವಾಟ್, ಡಿಸ್ಕ್ ಪೆಟ್ಟಿಗೆ 150, ಸ್ವಿಚ್ ಮತ್ತು ರೂಟರ್ ಸೇರಿ 50, ಒಟ್ಟು 700 ವಾಟ್ ಅನ್ನಿ. ಪವರ್ ಫ್ಯಾಕ್ಟರ್ 0.8 ಇರುವ 1 ಕೆವಿಎ ಯುಪಿಎಸ್ ಕೊಡುವುದು 800 ವಾಟ್. ಲೆಕ್ಕಕ್ಕೆ ಸಾಕು, ಬಾಳಿಕೆಗೆ ಸಾಲದು. 2 ಕೆವಿಎ ತೆಗೆದುಕೊಂಡರೆ ಅರ್ಧಕ್ಕಿಂತ ಕಡಿಮೆ ಲೋಡಿನಲ್ಲಿ ನೆಮ್ಮದಿಯಾಗಿ ನಡೆಯುತ್ತದೆ. ಅದು 72 ವೋಲ್ಟಿನದಾದರೆ 12 ವೋಲ್ಟಿನ ಆರು ಬ್ಯಾಟರಿ ಬೇಕು. 26 ಆಂಪಿಯರ್-ಅವರ್‌ನವು ಹಾಕಿದರೆ ಒಟ್ಟು 1,872 ವಾಟ್-ಅವರ್. ಇನ್ವರ್ಟರಿನ ನಷ್ಟ ಕಳೆದು ಕಾಗದದ ಮೇಲೆ ಎರಡು ಗಂಟೆಗೂ ಮೇಲೆ ಬರುತ್ತದೆ. ಆದರೆ ಬೇಗ ಬೇಗ ಹೀರಿದಾಗ ಬ್ಯಾಟರಿ ಕೊಡುವುದೂ ಕಡಿಮೆ. ಹೊಸ ಬ್ಯಾಟರಿಗೇ ಒಂದೂವರೆ ಗಂಟೆ ಎಂದು ಹಿಡಿಯಿರಿ, ಮೂರನೇ ವರ್ಷಕ್ಕೆ ಅದನ್ನೂ ನಂಬಬೇಡಿ.

ಸೀಲ್ ಮಾಡಿದ ಬ್ಯಾಟರಿಗಳ ಆಯುಸ್ಸು ಲೆಕ್ಕ ಹಾಕುವುದು 25 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ. ಅದಕ್ಕಿಂತ ಸುಮಾರು 10 ಡಿಗ್ರಿ ಹೆಚ್ಚಾದರೆ ಆಯುಸ್ಸು ಅರ್ಧವಾಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮೆಟ್ಟಿಲ ಕೆಳಗಿನ ಗಾಳಿಯಾಡದ ಗೂಡಿನಲ್ಲಿ ಬ್ಯಾಟರಿ ಇಟ್ಟರೆ ಏನಾಗುತ್ತದೆಂದು ಇದರಿಂದಲೇ ಊಹಿಸಬಹುದು. ಸಾಲಿನಲ್ಲಿ ಒಂದೇ ಒಂದು ಬ್ಯಾಟರಿ ಕೆಟ್ಟರೂ ಇಡೀ ಸಾಲು ಕೈಬಿಡುತ್ತದೆ. ಖರ್ಚು ಉಳಿಸಲೆಂದು ಆ ಒಂದನ್ನೇ ಬದಲಿಸಿ ಹೊಸದು-ಹಳೆಯದು ಬೆರೆಸಿದರೆ ಹೊಸದೂ ಬೇಗ ಹಾಳು. ಪೂರ್ತಿ ಸಾಲನ್ನೇ ಬದಲಿಸಿ. ನೀರು ಹಾಕುವ ಟ್ಯೂಬುಲರ್ ಬ್ಯಾಟರಿಯಾದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಅದಕ್ಕೆ ಗಾಳಿಯಾಡುವ ಬೇರೆ ಜಾಗ ಬೇಕು.

ಯುಪಿಎಸ್ ಸಾಕೆಟ್ಟಿಗೆ ಲೇಸರ್ ಪ್ರಿಂಟರ್ ಬೇಡ. ಅದರೊಳಗಿನ ಬಿಸಿ ರೋಲರ್ ಒಮ್ಮೆಗೇ ದೊಡ್ಡ ಕರೆಂಟ್ ಎಳೆಯುತ್ತದೆ. ಚಹಾದ ಕೆಟಲ್ ಅಂತೂ ಬೇಡವೇ ಬೇಡ. ನೆಟ್‌ವರ್ಕ್ ಸ್ವಿಚ್ ಮಾತ್ರ ಯುಪಿಎಸ್ ಮೇಲೆ ಇರಲೇಬೇಕು, ಏಕೆಂದರೆ "ಮುಚ್ಚಿಕೊ" ಎಂಬ ಸಂದೇಶ ಇತರ ಸರ್ವರ್‌ಗಳಿಗೆ ಹೋಗುವುದು ಅದರ ಮೂಲಕವೇ. ಇನ್ನೊಂದು ಮರೆತುಹೋಗುವ ಸಂಗತಿ: ಸರ್ವರ್ ಕೋಣೆಯ ಎಸಿ ಯುಪಿಎಸ್ ಮೇಲೆ ಇರುವುದಿಲ್ಲ. ಬ್ಯಾಟರಿ ಒಂದೂವರೆ ಗಂಟೆ ಬಂದರೂ ಬಾಗಿಲು ಮುಚ್ಚಿದ ಸಣ್ಣ ಕೋಣೆ ಅದಕ್ಕಿಂತ ಎಷ್ಟೋ ಮೊದಲೇ ಕಾದು ಕುಲುಮೆಯಾಗಿರುತ್ತದೆ.

ಜನರೇಟರ್ ಇದ್ದವರಿಗೆ ಎರಡು ಮಾತು. ಅದು ಶುರುವಾಗದಿದ್ದರೆ ಮೊದಲು ನೋಡಬೇಕಾದದ್ದು ಅದರ ಸ್ಟಾರ್ಟಿಂಗ್ ಬ್ಯಾಟರಿ. ಶುರುವಾದರೂ ಯುಪಿಎಸ್ ಕೂಗುತ್ತಲೇ ಇದ್ದರೆ, ಜನರೇಟರಿನ ಫ್ರೀಕ್ವೆನ್ಸಿ ಏರಿಳಿಯುತ್ತಿದೆ, ಯುಪಿಎಸ್ ಅದನ್ನು ಒಪ್ಪುತ್ತಿಲ್ಲ ಎಂದು ಅನುಮಾನಿಸಿ. ಹೊರಗೆ ಜನರೇಟರ್ ಓಡುತ್ತಿರುವಾಗಲೇ ಒಳಗೆ ಬ್ಯಾಟರಿ ಖಾಲಿಯಾಗಿ ಸರ್ವರ್ ಬಿದ್ದುಹೋಗುವುದು ಹೀಗೆಯೇ. ತಿಂಗಳಿಗೊಮ್ಮೆ ನಿಜವಾದ ಲೋಡ್ ಕೊಟ್ಟು ಅರ್ಧ ಗಂಟೆ ಓಡಿಸಿದರೆ ಇವೆರಡೂ ಮೊದಲೇ ತಿಳಿಯುತ್ತವೆ. ಲೋಡ್ ಇಲ್ಲದೆ ಐದು ನಿಮಿಷ ಗುರುಗುಟ್ಟಿಸುವುದು ಪರೀಕ್ಷೆಯಲ್ಲ.

ಸಿಡಿಲಿನ ತಿಂಗಳುಗಳು

ಏಪ್ರಿಲ್, ಮೇ ತಿಂಗಳ ಸಂಜೆಮಳೆಯಲ್ಲಿ ಸರ್ವರಿಗೆ ಏಟು ಬೀಳುವುದು ಕರೆಂಟಿನ ತಂತಿಯಿಂದ ಮಾತ್ರ ಅಲ್ಲ. ಕಚೇರಿಯಿಂದ ಎದುರಿನ ಗೋದಾಮಿಗೆ ಅಡಿಕೆ ಮರದ ಆಸರೆಯಲ್ಲಿ ಎಳೆದ ತಾಮ್ರದ ಲ್ಯಾನ್ ಕೇಬಲ್ ಇರುತ್ತದಲ್ಲ, ಸಿಡಿಲು ಅದರೊಳಗೂ ನುಗ್ಗುತ್ತದೆ. ಯುಪಿಎಸ್ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ, ಹಿಂಬಾಗಿಲಿನಿಂದ ಬಂದ ಏಟಿಗೆ ಸ್ವಿಚ್, ಸರ್ವರಿನ ಲ್ಯಾನ್ ಪೋರ್ಟ್ ಎರಡೂ ಸುಡುತ್ತವೆ. ಎರಡು ಕಟ್ಟಡಗಳ ನಡುವೆ ಫೈಬರ್ ಹಾಕಿಸಿ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಒಳಗೆ ಉಕ್ಕಿನ ತಂತಿ ಇಲ್ಲದ ಫೈಬರ್ ಎಂದು ಕೇಳಿ ಪಡೆಯಿರಿ.

ಅರ್ಥಿಂಗ್ ಗುಂಡಿ ತೋಡಿಸಿ ಮರೆತುಬಿಡುವ ವಸ್ತುವಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅದು ಇದ್ದೂ ಇಲ್ಲದಂತೆ. ಸರ್ವರ್ ಕೋಣೆಯ ಸಾಕೆಟ್ಟಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಇಟ್ಟು ನೋಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಅಥವಾ ವೈರಿಂಗ್ ಸರಿಮಾಡಿಸುವ ತನಕ ಹೊಸ ಸರ್ವರ್ ಕೂರಿಸಬೇಡಿ.

ಪೆಟ್ಟಿಗೆಯಲ್ಲೇ ಉಳಿದ ಕೇಬಲ್

ಯುಪಿಎಸ್ ಬಂದ ರಟ್ಟಿನ ಪೆಟ್ಟಿಗೆಯನ್ನು ಬೀರುವಿನ ಮೇಲಿಂದ ಇಳಿಸಿ ನೋಡಿ. ವಾರಂಟಿ ಕಾರ್ಡ್, ಪುಸ್ತಿಕೆಯ ಜತೆ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿದ ಒಂದು ಯುಎಸ್‌ಬಿ ಕೇಬಲ್ ಸಿಗುವ ಸಾಧ್ಯತೆ ಬಹಳ. ಯಾರೂ ಬಿಚ್ಚಿರುವುದಿಲ್ಲ. ಈ ಇಡೀ ಲೇಖನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ವಸ್ತು ಅದು. ಯುಪಿಎಸ್ "ಕರೆಂಟ್ ಹೋಗಿದೆ, ಬ್ಯಾಟರಿ ಇಷ್ಟಿದೆ" ಎಂದು ಸರ್ವರಿಗೆ ಹೇಳುವ ದಾರಿ ಅದು. ಅದಿಲ್ಲದಿದ್ದರೆ ಯುಪಿಎಸ್ ಕೂಗಬಲ್ಲದು ಅಷ್ಟೇ, ರಾತ್ರಿ ಎರಡು ಗಂಟೆಗೆ ಆ ಕೂಗು ಕೇಳಲು ಯಾರೂ ಇರುವುದಿಲ್ಲ.

ಲಿನಕ್ಸ್ ಸರ್ವರಿಗೆ 'ನೆಟ್‌ವರ್ಕ್ ಯುಪಿಎಸ್ ಟೂಲ್ಸ್' ಎಂಬ ಉಚಿತ ತಂತ್ರಾಂಶವಿದೆ. ಬೇರೆ ಬೇರೆ ಕಂಪನಿಗಳ ಯುಪಿಎಸ್‌ಗಳ ಜತೆ ಅದು ಮಾತಾಡಬಲ್ಲದು. ಒಂದು ಸರ್ವರಿಗೆ ಕೇಬಲ್ ಕೊಟ್ಟರೆ ಸಾಕು, ಉಳಿದ ಸರ್ವರ್‌ಗಳಿಗೆ ಅದು ನೆಟ್‌ವರ್ಕಿನಲ್ಲಿ ಸುದ್ದಿ ಮುಟ್ಟಿಸುತ್ತದೆ. ವಿಂಡೋಸ್ ಸರ್ವರಿಗೆ ಯುಪಿಎಸ್ ಕಂಪನಿಗಳೇ ತಂತ್ರಾಂಶ ಕೊಡುತ್ತವೆ.

ಯಾವಾಗ ಮುಚ್ಚಬೇಕು? "ಬ್ಯಾಟರಿ ಕಡಿಮೆ" ಎಂಬ ಸೂಚನೆಗೆ ಕಾಯಬೇಡಿ. ಹಳೆಯ ಬ್ಯಾಟರಿ ಶೇಕಡಾ 40 ತೋರಿಸುತ್ತಿದ್ದ ಹಾಗೇ ಒಮ್ಮೆಗೇ ಕುಸಿದುಬಿಡುತ್ತದೆ. ಕರೆಂಟ್ ಹೋಗಿ ಐದು ನಿಮಿಷ ಆದರೂ ಬಾರದಿದ್ದರೆ ಮುಚ್ಚುವುದು ಎಂದು ಗಡಿಯಾರದ ಲೆಕ್ಕ ಇಡಿ. ಲೈನ್‌ಮನ್ ಫ್ಯೂಸ್ ಹಾಕಿ ಕರೆಂಟ್ ತರುವಂಥದ್ದಾದರೆ ಸಾಮಾನ್ಯವಾಗಿ ಬೇಗನೆ ಬರುತ್ತದೆ. ಮರ ಬಿದ್ದಿದ್ದರೆ, ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ಹೇಗೂ ಗಂಟೆಗಟ್ಟಲೆ. ಇವೆರಡರ ನಡುವೆ ಕಾಯುವುದರಿಂದ ಸಿಗುವುದು ಬಹಳ ಕಡಿಮೆ. ಕೌಂಟರಿನಲ್ಲಿ ಸಾಲು ಇದ್ದರೂ ಈ ನಿಯಮ ಸಡಿಲಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಚ್ಚುವುದಕ್ಕೂ ಕ್ರಮವಿದೆ: ಮೊದಲು ಅಪ್ಲಿಕೇಶನ್, ಆಮೇಲೆ ಡೇಟಾಬೇಸ್, ಆಮೇಲೆ ಡಿಸ್ಕ್ ಪೆಟ್ಟಿಗೆ, ಸ್ವಿಚ್ ಕೊನೆಗೆ. ನಿಮ್ಮ ಡೇಟಾಬೇಸ್ ಮುಚ್ಚಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ಹಿಡಿದು ನೋಡಿ. ದೊಡ್ಡ ಮೆಮೊರಿ ಕೊಟ್ಟ ಮೈಎಸ್‌ಕ್ಯೂಎಲ್ ತನ್ನಲ್ಲಿರುವುದನ್ನೆಲ್ಲ ಡಿಸ್ಕಿಗೆ ಇಳಿಸಲು ಹಲವು ನಿಮಿಷ ತೆಗೆದುಕೊಳ್ಳಬಹುದು. ಇಂದಿನ ಬಹುತೇಕ ಲಿನಕ್ಸ್‌ಗಳಲ್ಲಿ ಒಂದು ಸೇವೆ 90 ಸೆಕೆಂಡಿನೊಳಗೆ ನಿಲ್ಲದಿದ್ದರೆ ಬಲವಂತವಾಗಿ ನಿಲ್ಲಿಸುವ ಸಾಮಾನ್ಯ ನಿಯಮವಿದೆ. ಡೇಟಾಬೇಸಿಗೆ ಆ ಮಿತಿ ಹೆಚ್ಚಿಸದಿದ್ದರೆ, ಕ್ರಮವಾಗಿ ಮುಚ್ಚಿದೆವು ಅಂದುಕೊಂಡಾಗಲೂ ಕರೆಂಟ್ ಕಿತ್ತಂತೆಯೇ ಆಗಿರುತ್ತದೆ. ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಸರ್ವರ್ ಇಟ್ಟವರೂ ಒಳಗಿನ ಪ್ರತಿಯೊಂದಕ್ಕೂ ಎಷ್ಟು ಸಮಯ ಕೊಟ್ಟಿದೆ ಎಂದು ಇದೇ ರೀತಿ ನೋಡಿಕೊಳ್ಳಬೇಕು.

ಕರೆಂಟ್ ವಾಪಸ್ ಬಂದಾಗ

2017ರ ಮೇ 27ರಂದು ಬ್ರಿಟಿಷ್ ಏರ್‌ವೇಸ್‌ನ ಲಂಡನ್ ಡೇಟಾ ಸೆಂಟರಿನಲ್ಲಿ ಕರೆಂಟ್ ಹೋಗಿ ಸುಮಾರು 75,000 ಪ್ರಯಾಣಿಕರು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಕೊಂಡರು. ಅದರ ಮಾತೃಸಂಸ್ಥೆಯ ಆಗಿನ ಮುಖ್ಯಸ್ಥ ವಿಲ್ಲಿ ವಾಲ್ಷ್ ನಂತರ ಹೇಳಿದ ಪ್ರಕಾರ, ಎಂಜಿನಿಯರ್ ಒಬ್ಬರು ಕರೆಂಟ್ ತೆಗೆದಿದ್ದರು. ದೊಡ್ಡ ಹಾನಿಯಾದದ್ದು ಅದನ್ನು ಹತೋಟಿಯಿಲ್ಲದೆ ಮತ್ತೆ ಕೊಟ್ಟಾಗ.

ನಮ್ಮಲ್ಲಿ ಇದು ದಿನನಿತ್ಯದ ಮಾತು. ಕರೆಂಟ್ ಬರುತ್ತದೆ, ಎರಡು ನಿಮಿಷಕ್ಕೆ ಫೀಡರ್ ಟ್ರಿಪ್ ಆಗುತ್ತದೆ, ಮತ್ತೆ ಬರುತ್ತದೆ. ಬ್ಯಾಟರಿ ಖಾಲಿಯಿರುವಾಗ ಸರ್ವರ್ ಎದ್ದು, ಡೇಟಾಬೇಸ್ ಕಿರ್ದಿ ನೋಡಿ ಖಾತೆ ಸರಿಮಾಡುತ್ತಿರುವ ಹೊತ್ತಿಗೇ ಮತ್ತೆ ಬಿದ್ದರೆ ಈ ಸಲ ಕಾಯುವ ಐದು ನಿಮಿಷವೂ ಇರುವುದಿಲ್ಲ. ಆದ್ದರಿಂದ ಬಯಾಸ್‌ನಲ್ಲಿ 'ಕರೆಂಟ್ ಬಂದ ಕೂಡಲೇ ಆನ್ ಆಗು' ಎಂಬುದನ್ನು ಕಣ್ಣುಮುಚ್ಚಿ ಹಾಕಬೇಡಿ. ಕಚೇರಿಯಲ್ಲಿ ಜನ ಇರುವ ಹೊತ್ತಾದರೆ ಕೈಯಾರೆ ಆನ್ ಮಾಡುವುದೇ ಒಳ್ಳೆಯದು. ಕರೆಂಟ್ ಬಂದು ಕಾಲು ಗಂಟೆ ನಿಂತಿತೇ ನೋಡಿ, ಬ್ಯಾಟರಿ ಅರ್ಧವಾದರೂ ತುಂಬಲಿ. ಆಮೇಲೆ ಮುಚ್ಚಿದ್ದಕ್ಕೆ ತಿರುಗುಮುರುಗಾಗಿ ಸ್ವಿಚ್, ಡಿಸ್ಕ್ ಪೆಟ್ಟಿಗೆ, ಡೇಟಾಬೇಸ್, ಅಪ್ಲಿಕೇಶನ್. ಯಾರೂ ಇಲ್ಲದ ಕಡೆ, ಬ್ಯಾಟರಿ ಇಂತಿಷ್ಟು ತುಂಬಿದ ಮೇಲೆಯೇ ಕರೆಂಟ್ ಬಿಡುವ ಸೆಟ್ಟಿಂಗ್ ಇರುವ ಯುಪಿಎಸ್ ತನ್ನಿ.

ಡೇಟಾಬೇಸ್ ಏಳದಿದ್ದರೆ ಮೊದಲ ಕೆಲಸ ಏನನ್ನೂ ಮುಟ್ಟದಿರುವುದು. ಎರಡನೇ ಕೆಲಸ, ಡೇಟಾ ಇರುವ ಇಡೀ ಫೋಲ್ಡರನ್ನು ಹಾಗೇ ಬೇರೆ ಡಿಸ್ಕಿಗೆ ಪ್ರತಿ ಮಾಡುವುದು. ಆಮೇಲೆ ರಿಪೇರಿ. ಫೋನಿನಲ್ಲಿ ಯಾರೋ "ಲಾಗ್ ಫೈಲ್ ಅಳಿಸಿ ನೋಡಿ, ಸ್ಟಾರ್ಟ್ ಆಗುತ್ತೆ" ಅನ್ನುತ್ತಾರೆ. ಆಗಬಹುದು. ಆದರೆ ಅಳಿಸಿದ್ದು ಕಿರ್ದಿಯನ್ನೇ. ಖಾತೆಯಲ್ಲಿ ಏನು ಅರ್ಧಕ್ಕೆ ನಿಂತಿದೆ ಎಂದು ತಿಳಿಸುವ ಏಕೈಕ ದಾಖಲೆ ಅದರೊಂದಿಗೆ ಹೋಗುತ್ತದೆ.

ಎರಡನೇ ಪ್ರತಿ ಎಲ್ಲಿದೆ?

ಎರಡು ಸರ್ವರ್ ಇಟ್ಟು, ಒಂದರ ಪ್ರತಿಯನ್ನು ಇನ್ನೊಂದರಲ್ಲಿ ಇಟ್ಟು, ಎರಡನ್ನೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿದರೆ ಕರೆಂಟಿನ ಮಟ್ಟಿಗೆ ಅದು ಒಂದೇ ಸರ್ವರ್. ಎರಡು ಪವರ್ ಸಪ್ಲೈ ಇರುವ ಸರ್ವರಿನ ಎರಡು ವೈರೂ ಒಂದೇ ಬೋರ್ಡಿಗೆ ಹೋದರೂ ಹಾಗೇ. ಅಮೆರಿಕದ ಡೆಲ್ಟಾ ಏರ್‌ಲೈನ್ಸ್‌ಗೆ 2016ರ ಆಗಸ್ಟ್ 8ರಂದು ಆದದ್ದು ಇಂಥ ವೈರಿಂಗಿನ ಕಥೆ. ಅಟ್ಲಾಂಟಾದ ಅದರ ಸುಮಾರು 7,000 ಸರ್ವರ್‌ಗಳಲ್ಲಿ ಸುಮಾರು 300ಕ್ಕೆ ಬದಲಿ ಕರೆಂಟಿನ ಸಂಪರ್ಕವೇ ಇರಲಿಲ್ಲ. ಮುಂದಿನ ದಿನಗಳಲ್ಲಿ ರದ್ದಾದ ವಿಮಾನಗಳು ಎರಡು ಸಾವಿರಕ್ಕೂ ಹೆಚ್ಚು. ನಿಮ್ಮ ರ‍್ಯಾಕಿನ ಹಿಂದೆ ಒಮ್ಮೆ ಟಾರ್ಚ್ ಹಿಡಿದು, ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ಸಾಕೆಟ್ಟಿನ ತನಕ ಹೋಗಿ. ಚೀಟಿ ಅಂಟಿಸಿ.

ಬ್ಯಾಟರಿಯೇ ಅಪಾಯವಾಗುವುದೂ ಉಂಟು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಿಯಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿನ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸದ ವೇಳೆ ಬೆಂಕಿ ಹೊತ್ತಿತು. ಆರುನೂರಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ನಿಂತವು. ನೌಕರರು ಕಡತ ಇಡುತ್ತಿದ್ದ 858 ಟೆರಾಬೈಟ್‌ನ ಸಂಗ್ರಹಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ, ಅದು ಸುಟ್ಟುಹೋಯಿತು. ಸಣ್ಣ ಕಚೇರಿಗೆ ಇಷ್ಟು ಸಾಕು: ದಿನದ ಬ್ಯಾಕಪ್ ಒಂದು ಪ್ರತಿ ಬೇರೆ ಕಟ್ಟಡದಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ತಿಂಗಳಿಗೊಮ್ಮೆ ಆ ಬ್ಯಾಕಪ್ಪಿನಿಂದ ಒಂದು ಖಾಲಿ ಯಂತ್ರದಲ್ಲಿ ಡೇಟಾಬೇಸ್ ಎಬ್ಬಿಸಿ, ನಿನ್ನೆಯ ನಗದು ಶಿಲ್ಕು ತಾಳೆ ನೋಡಿ.

ಎಂಸಿಬಿ ಇಳಿಸುವ ದಿನ

ಇವನ್ನೆಲ್ಲ ಮಾಡಿದ ಮೇಲೆ ಒಂದು ರಜಾದಿನ ಬೆಳಿಗ್ಗೆ, ಬ್ಯಾಕಪ್ ತೆಗೆದು, ಬಳಕೆದಾರರಿಗೆಲ್ಲ ತಿಳಿಸಿ, ಯುಪಿಎಸ್‌ಗೆ ಕರೆಂಟ್ ಕೊಡುವ ಎಂಸಿಬಿ ಇಳಿಸಿ. ಕೈಯಲ್ಲಿ ಗಡಿಯಾರ, ಪಕ್ಕದಲ್ಲಿ ನೋಟ್‌ಪುಸ್ತಕ. ಸಂದೇಶ ಎಷ್ಟನೇ ಸೆಕೆಂಡಿಗೆ ಬಂತು, ಐದನೇ ನಿಮಿಷಕ್ಕೆ ಮುಚ್ಚುವುದು ಶುರುವಾಯಿತೇ, ಪೂರ್ತಿ ಮುಚ್ಚಿದಾಗ ಬ್ಯಾಟರಿ ಎಷ್ಟು ಉಳಿದಿತ್ತು, ಎಲ್ಲ ಬರೆಯಿರಿ. ಎರಡನೇ ಸಲ, ಮುಚ್ಚುವುದು ಅರ್ಧಕ್ಕೆ ಬಂದಾಗ ಎಂಸಿಬಿ ಮತ್ತೆ ಏರಿಸಿ ನೋಡಿ. ಎಷ್ಟೋ ಕಡೆ ಸರ್ವರ್ ಮುಚ್ಚಿಕೊಂಡೇ ಉಳಿದುಬಿಡುತ್ತದೆ. ಯುಪಿಎಸ್ ಕರೆಂಟ್ ಕಡಿಯಲೇ ಇಲ್ಲವಾದ್ದರಿಂದ 'ಮತ್ತೆ ಬಂತು' ಎಂಬುದು ಸರ್ವರಿಗೆ ತಿಳಿಯುವುದೇ ಇಲ್ಲ. ಕೈಯಾರೆ ಆನ್ ಮಾಡಲು ಯಾರೂ ಇಲ್ಲದ ಕಡೆ, ಮುಚ್ಚಿದ ಮೇಲೆ ಯುಪಿಎಸ್ ತಾನೂ ಆಫ್ ಆಗಿ, ಕರೆಂಟ್ ಬಂದಾಗ ಏಳುವಂತೆ ಹೊಂದಿಸಿದರೆ ಈ ತೊಡಕು ತಪ್ಪುತ್ತದೆ. ಈ ಪರೀಕ್ಷೆ ವರ್ಷಕ್ಕೆ ಎರಡು ಸಲ ಇರಲಿ. ಅದರಲ್ಲಿ ಒಂದು ಮಳೆಗಾಲಕ್ಕೆ ಮುಂಚೆ.

ಹಣ ಸಾಲದು ಎನ್ನುವ ಆಡಳಿತ ಮಂಡಳಿಗೆ ನಾನು ಹೇಳುವ ಕ್ರಮ ಇದು. ಖರ್ಚಿಲ್ಲದ್ದು ಮೊದಲು: ಆ ಯುಎಸ್‌ಬಿ ಕೇಬಲ್, ಡೇಟಾಬೇಸಿನ ಸೆಟ್ಟಿಂಗ್, ಬೇರೆ ಊರಿನ ಬ್ಯಾಕಪ್ಪಿಗೆ ಒಂದು ಏರ್ಪಾಡು. ಮುಂದಿನ ಬಜೆಟ್ಟಿನಲ್ಲಿ ಕೆಪಾಸಿಟರ್ ಇರುವ ಎಸ್‌ಎಸ್‌ಡಿ ಮತ್ತು ಅರ್ಥಿಂಗ್. ಅದಾದ ಮೇಲೆ ಹೊಸ ಬ್ಯಾಟರಿ ಸಾಲು, ಅದರ ಮೇಲೆ ಹಾಕಿದ ದಿನಾಂಕ ದಪ್ಪಕ್ಷರದಲ್ಲಿ ಬರೆದಿರಬೇಕು. ಜನರೇಟರ್ ಎಲ್ಲಕ್ಕಿಂತ ಕೊನೆಗೆ, ಕರೆಂಟ್ ಇಲ್ಲದಾಗಲೂ ಕೌಂಟರ್ ನಡೆಯಲೇಬೇಕು ಎಂಬ ಅಗತ್ಯ ಇದ್ದರೆ ಮಾತ್ರ.